ಕಟ್ಟೆಯ ಮೇಲಿನ ಗಂಟು

ಅಮಾವಾಸ್ಯೆಯ ದಿನ ಬೆಳಿಗ್ಗೆ ದೀಪಿಕಾ ಹಲ್ಲುಜ್ಜುತ್ತ ಹೊರಗೆ ಬಂದು ನೋಡಿದರೆ, ಕಟ್ಟೆಯ ಮೇಲೆ ಆರಲಿಟ್ಟ ಗಂಟು ಇರಲಿಲ್ಲ. ಅವತ್ತು ಮಧ್ಯಾಹ್ನ ಹಾವೇರಿಯ ಕಾಲೇಜಿನಲ್ಲಿ ಅವಳ ಕೊನೆಯ ಪರೀಕ್ಷೆ. ಆ ಗಂಟೇ ಪರೀಕ್ಷೆ.

ದೀಪಿಕಾ ಜವಳಿ ಕಲೆ ಕಲಿಯುತ್ತಿದ್ದಳು. "ನೀ ಮಾಡಿದ್ದೆಲ್ಲಾ ಮೊಬೈಲ್ ನೋಡಿ ಮಾಡಿದ್ದು. ನಿನ್ನ ಕೈಲೆ ಹುಟ್ಟಿದ್ದು ಒಂದರ ತೋರಸು, ಇಲ್ಲಾಂದ್ರ ಪಾಸ್ ಮಾಡಂಗಿಲ್ಲ" ಎಂದು ಪ್ರಭಾಕರ ಸರ್ ಇಡೀ ತರಗತಿಯ ಮುಂದೆ ಹೇಳಿದ್ದರು. ಆ ಮಾತಿಗೆ ಅವಳ ಮೈಯೆಲ್ಲ ಉರಿದಿತ್ತು. ಅದಕ್ಕೇ ಯಾರೂ ಕಲಿಸದ ಒಂದು ಪದ್ಧತಿಗೆ ಕೈಹಾಕಿದಳು. ಹತ್ತಿ ಬಟ್ಟೆಯ ಮೇಲೆ ತೇಗದ ಎಲೆ, ಅರಿಷಿಣ, ಬ್ಯಾಡಗಿ ಮೆಣಸಿನಕಾಯಿ, ಲಿಂಬೆಯ ಹೋಳು, ತುಕ್ಕು ಹಿಡಿದ ಮೊಳೆ ಹರಡಿ, ಸುರುಳಿ ಸುತ್ತಿ, ಕೆಂಪು ದಾರದಿಂದ ಬಿಗಿದು ಹಬೆಯಲ್ಲಿ ಬೇಯಿಸುವುದು. ಆರಿದ ಮೇಲೆ ಬಿಚ್ಚಿದರೆ ಎಲೆಯ ನರನರವೂ ಬಟ್ಟೆಗೆ ಇಳಿದಿರುತ್ತದೆ. ಅದನ್ನು ಸರ್ ಮೂಗಿನ ಮುಂದೆಯೇ ಬಿಚ್ಚಿ ತೋರಿಸಬೇಕು ಎಂಬುದು ಅವಳ ಹಟ. ಬೇಯಿಸುವಾಗ ಓಣಿಯೆಲ್ಲ ಸೀನಿತ್ತು, ಆದರೆ ಮೆಣಸಿನಕಾಯಿ ಪೇಟೆಯ ಊರಾದ ಬ್ಯಾಡಗಿಯಲ್ಲಿ ಸೀನಿಗೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಲಿಂಬೆ, ಅರಿಷಿಣ, ಮೊಳೆ, ಕೆಂಪು ದಾರ. ಇಷ್ಟನ್ನೂ ಸೇರಿಸಿ ಕಟ್ಟಿ, ಅಮಾವಾಸ್ಯೆಯ ಹಿಂದಿನ ಸಂಜೆ ರಸ್ತೆಗೆ ಕಾಣುವಂತೆ ಇಟ್ಟರೆ ಜನ ಏನು ತಿಳಿದಾರು ಎಂಬ ಯೋಚನೆ ಆ ಪುಣ್ಯಾತ್ಗಿತ್ತಿಗೆ ಬಂದಿರಲಿಲ್ಲ. ಸರಿ, ಅವಳದೂ ತಪ್ಪೇ. ಆದರೆ ಬಾಗಿಲು ತಟ್ಟಿ ಇದು ಏನೆಂದು ಕೇಳುವ ಬುದ್ಧಿ ಓಣಿಯಲ್ಲಿ ಒಬ್ಬರಿಗಾದರೂ ಇತ್ತೇ?

"ಅವ್ವಾ, ನನ್ನ ಗಂಟು ಎಲ್ಲೈತಿ?"

ತಾಯಿ ನಾಗಲಕ್ಷ್ಮಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ. "ಎದುರುಮನಿ ದೇವವ್ವನ್ನ ಕೇಳು. ನಸುಕಿನ್ಯಾಗ ನಮ್ಮ ಕಟ್ಟಿಗೆ ಗೋಮೂತ್ರ ಚಿಮುಕ್ಸಾಕತ್ತಿದ್ಲು."

ದೇವವ್ವ ದೊಡ್ಡ ಉಪಕಾರ ಮಾಡಿದ ಮುಖ ಹೊತ್ತು ಬಾಗಿಲಲ್ಲೇ ನಿಂತಿದ್ದಳು. "ನಿಮ್ಮ ಮನಿಗೆ ಯಾರೋ ಮಾಟ ಮಾಡಿಸ್ಯಾರವಾ. ನಿಮ್ಮ ಪುಣ್ಯ, ಮೊದ್ಲ ನನ್ನ ಕಣ್ಣಿಗೆ ಬಿತ್ತು. ನಮ್ಮ ಆಳು ಉಡಚಪ್ಪನ ಕೈಯಾಗ ಕೊಟ್ಟು ಕದರಮಂಡಲಗಿಗೆ ಕಳಿಸೇನಿ. ಅಲ್ಲಿ ಗುಡ್ಯಾಗ ಹನಮಪ್ಪಗ ಕೈಮುಗಿದು, ಊರ ಹೊರಗ ಸುಟ್ಟು ಬರ್ತಾನ."

"ಅದು ನನ್ನ ಪರೀಕ್ಷಾದ್ದು."

"ಪರೀಕ್ಷಾಕ್ಕ ಯಾರರ ಲಿಂಬಿಹಣ್ಣು, ಮೊಳಿ ಒಯ್ತಾರೇನು? ನೋಡು, ನಿನ್ನ ಬಾಯಿಲೆ ಅದ ಮಾತಾಡಾಕತ್ತೈತಿ."

ಇಂಥವರ ಜೊತೆ ವಾದಿಸುವುದಕ್ಕಿಂತ ಗೋಡೆಗೆ ತಲೆ ಚಚ್ಚಿಕೊಳ್ಳುವುದು ಲೇಸು. ದೀಪಿಕಾ ಸ್ಕೂಟರ್ ಹತ್ತಿದಳು.

ಕದರಮಂಡಲಗಿಯ ಹೊರಗೆ, ಬೇವಿನ ಮರದ ಬುಡದಲ್ಲಿ ಉಡಚಪ್ಪ ಗಂಟನ್ನು ಉದ್ದನೆಯ ಕೋಲಿನಿಂದ ಸರಿಸಿ, ಅದರ ಮೇಲೆ ಕರ್ಪೂರ ಸುರಿಯುತ್ತಿದ್ದ. ಹತ್ತಾರು ಜನ ದೂರದಲ್ಲಿ ನಿಂತು ಮೊಬೈಲ್ ಎತ್ತಿ ಹಿಡಿದಿದ್ದರು. ಊರಿನಲ್ಲಿ ಅಷ್ಟು ಕೆಲಸಗೇಡಿಗಳು ಬೆಳಿಗ್ಗೆ ಬೆಳಿಗ್ಗೆ ಎಲ್ಲಿಂದ ಸಿಗುತ್ತಾರೋ.

"ಅದು ಬರೇ ಬಟ್ಟಿ ಐತ್ರಿ. ಬಣ್ಣ ಹಾಕೇನಿ. ತೇಗಿನ ಎಲಿ ರಸ ಕಬ್ಬಿಣಕ್ಕ ಹತ್ತಿದ್ರ ಕಪ್ಪಾಗತೈತಿ, ಅಷ್ಟ" ಎಂದು ಅವಳು ತಾಳ್ಮೆಯಿಂದಲೇ ಹೇಳಿದಳು.

"ಪಾಪ, ಕೂಸಿಗೆ ಬಡದೈತಿ" ಎಂದು ಒಬ್ಬಾಕೆ ಅವಳ ಹಣೆಗೆ ದೇವರ ಅರಿಷಿಣದ ಭಂಡಾರ ಬಡಿದಳು. ಇನ್ನೊಬ್ಬಾಕೆ ಹಿಂದಿನಿಂದ ಬಂದು ರಟ್ಟೆ ಹಿಡಿದಳು. ಉಡಚಪ್ಪ ಕಡ್ಡಿ ಗೀರಿದ.

ಆಗ ದೀಪಿಕಾಳ ಸಿಟ್ಟು ನೆತ್ತಿಗೇರಿತು. "ಹೌದು, ಮಾಟಾನ ಐತಿ. ನಾನ ಮಾಡೇನಿ. ಬೆಂಕಿ ಹಚ್ಚಿದವನ ಮನ್ಯಾಗ ಎಮ್ಮಿ ಹಿಂಡಂಗಿಲ್ಲ, ಒಲಿ ಹೊತ್ತಂಗಿಲ್ಲ."

ಕಡ್ಡಿ ಕೆಳಗೆ ಬಿತ್ತು. ರಟ್ಟೆ ಹಿಡಿದ ಕೈ ಸಡಿಲಿತು. "ತಂಗಿ, ನಾ ಬರೇ ಹೊತ್ಕೊಂಡು ಬಂದಾಂವ. ನಂದೇನೂ ಇಲ್ಲವಾ" ಎನ್ನುತ್ತ ಉಡಚಪ್ಪ ಹಿಂದೆ ಹಿಂದೆ ಸರಿದ. ಖರೇ ಹೇಳಿದಾಗ ಒಬ್ಬನೂ ನಂಬಲಿಲ್ಲ, ಸುಳ್ಳು ಹೇಳಿದೊಡನೆ ಎಲ್ಲರೂ ನಂಬಿದರು. ಅವಳು ಗಂಟನ್ನು ಸ್ಕೂಟರಿನಲ್ಲಿ ಕಾಲ ಬಳಿ ಇಟ್ಟುಕೊಂಡು ನೇರ ಹಾವೇರಿಗೆ ಹೊರಟಳು. ದಾರಿಯುದ್ದಕ್ಕೂ ಬೈಯುತ್ತಲೇ ಹೋದಳು.

ಕಾಲೇಜಿನ ಗೇಟಿನಲ್ಲಿ ಗೆಳತಿ ಕಾವ್ಯಾ ನಾಲ್ಕು ಮಾರು ದೂರ ನಿಂತೇ ಮಾತಾಡಿದಳು. "ನಿನ್ನ ವಿಡಿಯೋ ಎಲ್ಲಾ ಗ್ರೂಪಿನ್ಯಾಗ ಬಂದೈತಿ. ಸರ್ ಸೈತ ನೋಡ್ಯಾರ."

"ನೋಡ್ಲಿ. ಬಿಚ್ಚಿದ ಮ್ಯಾಲ ಎಲ್ಲಾರೂ ಬಾಯಿ ಮುಚ್ತಾರ."

ಅವಳ ಸರದಿ ಬಂದಾಗ ಪ್ರಭಾಕರ ಸರ್ ಒಬ್ಬರೇ ಕೂತಿದ್ದರು. ದೀಪಿಕಾ ಗಂಟನ್ನು ಮೇಜಿನ ಮೇಲಿಟ್ಟು ದಾರ ಕತ್ತರಿಸಲು ಕತ್ತರಿ ಎತ್ತಿದಳು. ಸರ್ ಎದ್ದು ಕುರ್ಚಿಯ ಹಿಂದೆ ನಿಂತರು.

"ಬಿಚ್ಚಬ್ಯಾಡ."

"ಬಿಚ್ಚಿದ್ರ ಅಲ್ಲೇನ್ರಿ ಸರ್ ಕಾಣೂದು? ಎಲಿ ಅಚ್ಚು, ಬಣ್ಣ..."

"ಬಣ್ಣ ಇರ್ಲಿ. ನೀ ಭಾಳ ಕಲ್ತೀದಿ." ಮೂರು ವರ್ಷದಲ್ಲಿ ಅವರು ಅವಳನ್ನು ಹೊಗಳಿದ್ದು ಇದೇ ಮೊದಲು. ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು. "ರಾಣೇಬೆನ್ನೂರಾಗ ನಮ್ಮಪ್ಪನ ಪ್ಲಾಟ್ ಐತಿ. ನಮ್ಮಣ್ಣ ಬಿಟ್ಟುಕೊಡವಲ್ಲ. ಇದನ್ನ ಹಿಂಗ ಕಟ್ಟಿದ್ದು ಕಟ್ಟಿದ್ಹಾಂಗ ಒಯ್ದು ಅವನ ಕಟ್ಟಿ ಮ್ಯಾಲ ಇಟ್ಟು ಬಾ."

ದೀಪಿಕಾ ಗಂಟನ್ನು ಅವರ ಕಡೆಗೆ ತಳ್ಳಿದಳು. "ಸರ್, ಇದು ಮಾಟ ಅಲ್ರಿ. ಬಟ್ಟಿ. ನನ್ನ ಕೈಲೆ ಹುಟ್ಟಿದ್ದು. ಒಮ್ಮೆರ ನೋಡ್ರಿ."

"ಅದನ್ನ ಊರ ಮಂದಿಗೆ ಹೇಳು" ಎಂದು ಸರ್ ಪೆನ್ನಿನ ಮುಚ್ಚಳ ಹಾಕಿದರು. "ನಮ್ಮಣ್ಣ ಸಹಿ ಮಾಡಿದ ದಿನ ನಿನಗ ಮಾರ್ಕ್ಸ್ ಹಾಕ್ತೇನಿ. ಅಲ್ಲೀತನಕ ನೀ ಫೇಲ್."