ನರ ಸಿಗದ ಮೂರು ತಿಂಗಳು

ಜನ ಆಸ್ಪತ್ರೆಗೆ ನೋವು ಹೊತ್ತುಕೊಂಡು ಬರುತ್ತಾರೆ ಅಂತ ಕಾಲೇಜಿನಲ್ಲಿ ಹೇಳಿಕೊಟ್ಟಿದ್ದರು. ನೋವಿನ ಜೊತೆಗೆ ಮನೆಮಂದಿಯನ್ನೆಲ್ಲ, ಮನೆಯ ಪದ್ಧತಿಯನ್ನೆಲ್ಲ ಕಟ್ಟಿಕೊಂಡು ಬರುತ್ತಾರೆ ಅನ್ನುವುದು ಯಾವ ಪುಸ್ತಕದಲ್ಲೂ ಇರಲಿಲ್ಲ. ಹಾಗಾಗಿ ನನಗೆ ದಿನಕ್ಕೊಂದು ಫಜೀತಿ ತಪ್ಪಿದ್ದಲ್ಲ.

ಕಲಬುರಗಿಯಲ್ಲಿ ನರ್ಸಿಂಗ್ ಮುಗಿಸಿ ಹೈದರಾಬಾದಿಗೆ ಬಂದವಳು ನಾನು. ಇರುವುದು ತಾರ್ನಾಕದ ಚಿಕ್ಕಮ್ಮನ ಮನೆಯಲ್ಲಿ, ಕೆಲಸ ನಾಚಾರಂ ಕಡೆಯ ಒಂದು ಸಣ್ಣ ನರ್ಸಿಂಗ್ ಹೋಮಿನಲ್ಲಿ. ಕೆಲಸ ಅಂದರೆ ಮೂರು ತಿಂಗಳ ಟ್ರಯಲ್. ನರ್ಸಿಂಗ್ ಸೂಪರಿಂಟೆಂಡೆಂಟ್ ಮೇಡಂ ಮೊದಲ ದಿನವೇ ಹಿಂದಿಯಲ್ಲಿ ಖಡಾಖಂಡಿತ ಹೇಳಿದ್ದರು: "ಮೂರು ತಿಂಗಳಲ್ಲಿ ನರ ಹುಡುಕಿ ಸೂಜಿ ಹಾಕೋದು ಕಲಿತರೆ ಇರು. ಇಲ್ಲದಿದ್ದರೆ ಊರಿಗೆ ಹೋಗು."

ಮಿಕ್ಕಿದ್ದೆಲ್ಲ ನನಗೆ ಬರುತ್ತಿತ್ತು. ಅದೊಂದೇ ಬರುತ್ತಿರಲಿಲ್ಲ. ಸೂಜಿ ಹಿಡಿದರೆ ಕೈ ಗಡಗಡ ನಡುಗುತ್ತಿತ್ತು. ಸೋತು ವಾಪಸು ಹೋದರೆ "ನಾವು ಮೊದಲ ಹೇಳಿದ್ವಿ" ಅನ್ನಲು ನಮ್ಮ ಓಣಿಗೆ ಓಣಿಯೇ ಕಾದು ಕೂತಿತ್ತು. ಆ ಭಯಕ್ಕೆ ಕೈ ಇನ್ನಷ್ಟು ನಡುಗುತ್ತಿತ್ತು.

ಮೊದಲನೇ ಗ್ವಾಡಿ

ನನ್ನ ಕೈಗೆ ಸಿಕ್ಕ ಮೊದಲ ರೋಗಿ ಯಾದಗಿರಿ ಕಡೆಯ ಒಬ್ಬ ಗೌಂಡಿ. ಕಟ್ಟಡದ ಕೆಲಸ ಮಾಡಿ ಮಾಡಿ ಅವನ ತೋಳಿನ ನರಗಳು ಹಗ್ಗದಂತೆ ಎದ್ದು ಕಾಣುತ್ತಿದ್ದವು. ಕಣ್ಣು ಮುಚ್ಚಿ ಚುಚ್ಚಿದರೂ ಸಿಗಬೇಕಿತ್ತು. ನಾನು ಕಣ್ಣು ತೆರೆದೇ ಎರಡು ಸಲ ಚುಚ್ಚಿದೆ, ಎರಡು ಸಲವೂ ತಪ್ಪಿತು. ಚುಚ್ಚಿಸಿಕೊಂಡವನು ಸುಮ್ಮನಿದ್ದ, ಚುಚ್ಚಿದವಳು ಅಳತೊಡಗಿದೆ.

"ಅಳಬ್ಯಾಡ ತಂಗಿ," ಅಂದ. "ನಾನೂ ನನ್ನ ಮೊದಲನೇ ಗ್ವಾಡಿ ಸೊಟ್ಟನ ಕಟ್ಟಿದ್ದೆ."

ತನ್ನ ಮೊದಲ ಗೋಡೆಯ ಸೊಟ್ಟನ್ನೂ ಒಪ್ಪಿಕೊಂಡನಲ್ಲ, ಎಷ್ಟು ದೊಡ್ಡ ಮನಸ್ಸು ಅನ್ನಿಸಿತು. ಕಣ್ಣೊರೆಸಿಕೊಂಡು ಮೂರನೇ ಸಲ ಸೂಜಿ ಎತ್ತಿಕೊಳ್ಳುತ್ತ ಕೇಳಿದೆ: "ಆಮ್ಯಾಲ ಆ ಗ್ವಾಡಿ ಏನಾತಣ್ಣ?"

"ಬಿತ್ತು," ಅಂದ. "ನೀ ಈಗ ದೊಡ್ಡ ಸಿಸ್ಟರನ್ನ ಕರಿ."

ಕೈ ಹಿಡಿದ ತಪ್ಪಿಗೆ

ಅವತ್ತಿನಿಂದ ಅಭ್ಯಾಸಕ್ಕಾಗಿ ಕಂಡಕಂಡವರ ಕೈ ಹಿಡಿಯತೊಡಗಿದೆ. ಸೂಜಿ ಇಲ್ಲದೆ, ಬರೀ ಬೆರಳಿನಿಂದ ಒತ್ತಿ ನರ ಎಲ್ಲಿದೆ ಅಂತ ನೋಡುವುದು. ಚಿಕ್ಕಮ್ಮನ ಎರಡೂ ಕೈ ಮುಗಿದ ಮೇಲೆ ಪಕ್ಕದ ಮನೆಯ ಹುಬ್ಬಳ್ಳಿ ಆಂಟಿಯ ಕೈ ಹಿಡಿದೆ. ಕಣ್ಣು ಮುಚ್ಚಿ ಒತ್ತಿ ನೋಡಿ, ತಲೆ ಆಡಿಸಿ, ಕೈ ಬಿಟ್ಟೆ.

ಮರುದಿನ ನಾನು ಡ್ಯೂಟಿ ಮುಗಿಸಿ ಬಂದಾಗ ನಮ್ಮ ಬಾಗಿಲಲ್ಲಿ ನಾಲ್ಕು ಜನ ಹೆಂಗಸರು ಮಕ್ಕಳ ಜಾತಕ ಹಿಡಿದು ಕೂತಿದ್ದರು. ಆಂಟಿ ಎಲ್ಲರಿಗಿಂತ ಮುಂದೆ.

"ನಮ್ಮ ಹುಡುಗಿ ಲಗ್ನ ಯಾವಾಗ ಆಗತೈತಿ, ನೋಡಿ ಹೇಳವಾ."

"ಆಂಟಿ, ನನಗ ಭವಿಷ್ಯ ಬರೂದಿಲ್ರಿ. ನಾ ನರ ಹುಡುಕಾಕತ್ತಿದ್ದೆ."

"ಸಿಕ್ತೇನು?"

"ಇಲ್ರಿ."

ಆಂಟಿ ಉಳಿದವರ ಕಡೆ ತಿರುಗಿ ದನಿ ತಗ್ಗಿಸಿದರು: "ನೋಡ್ರಿ, ಭಾಳ ಖರೇ ಹೇಳತಾಳ. ಸುಳ್ಳು ಜೋತಿಷಿ ಆಗಿದ್ರ ಸಿಕ್ತು ಅಂತಿದ್ಲು."

ಫಾರ್ಮಿನಲ್ಲಿ ಜಾಗ ಇಲ್ಲ

ಒಬ್ಬ ಮುದುಕ ಮೊಮ್ಮಗನ ಸೈಕಲ್ ಹತ್ತಿ ಬಿದ್ದು ಕಾಲು ಉಳುಕಿಸಿಕೊಂಡು ಬಂದಿದ್ದ. ಅವನನ್ನು ಎಕ್ಸ್‌ರೇಗೆ ಒಳಗೆ ಕಳಿಸಿ, ಹೊರಗೆ ಕೂತಿದ್ದ ಅವನ ಹೆಂಡತಿಯನ್ನು ಫಾರ್ಮ್ ತುಂಬಲು ರೋಗಿಯ ಹೆಸರು ಕೇಳಿದೆ. ಅಜ್ಜಿ ಸೆರಗು ಬಾಯಿಗಿಟ್ಟುಕೊಂಡಳು. ಗಂಡನ ಹೆಸರು ಹೇಳುವುದುಂಟೇ!

ಮೇಡಂ ಪಕ್ಕದಲ್ಲೇ ನಿಂತಿದ್ದರು. "ಒಂದು ಹೆಸರು ಬರೆಯಲು ಇಷ್ಟು ಹೊತ್ತೇ?" ಅಂತ ಗುರುಗುಟ್ಟಿದರು. ಸೂಜಿ ಬರುವುದಿಲ್ಲ, ಇನ್ನು ಫಾರ್ಮೂ ಬರುವುದಿಲ್ಲ ಅಂದುಕೊಂಡಾರು ಅಂತ ನನಗೆ ದಿಗಿಲಾಯಿತು. ನಮ್ಮ ಕಡೆಯ ಉಪಾಯ ನೆನಪಾಯಿತು. "ಯಮ್ಮಾ, ಹಂಗ ಬ್ಯಾಡ. ಒಡಪು ಕಟ್ಟಿ ಹೇಳು" ಅಂದೆ. ಮದುವೆಮನೆಯಲ್ಲಿ ಹೇಳುವಂತೆ ಪದ್ಯದ ನಡುವೆ ಸೇರಿಸಿದರೆ ಗಂಡನ ಹೆಸರು ಹೇಳಿದ ದೋಷವಿಲ್ಲ.

ಅಜ್ಜಿ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, ವಾರ್ಡಿಗೆಲ್ಲ ಕೇಳುವಂತೆ ಹೇಳಿದಳು:

"ಬಿಸಿ ರೊಟ್ಟಿ ಮ್ಯಾಲ ಬೆಣ್ಣಿ ಮುದ್ದಿ, ಶರಣಪ್ಪಗ ಯಾವಾಗ ಬರತೈತೋ ಬುದ್ಧಿ!"

ಹಾಸಿಗೆಯ ಮೇಲಿದ್ದವರೂ ಚಪ್ಪಾಳೆ ತಟ್ಟಿದರು. ಹುರುಪು ಬಂದ ಅಜ್ಜಿ ಮೇಡಂ ಕೈ ಹಿಡಿದುಕೊಂಡಳು: "ನಾ ಹೇಳೀನಿ, ಈಗ ಈ ದೊಡ್ಡ ಮೇಡಮ್ಮಾರು ತಮ್ಮ ಗಂಡನ ಹೆಸರು ಹೇಳಲಿ!"

ನಾನು ಹಿಂದಿಯಲ್ಲಿ ತಿಳಿಸಿ ಹೇಳಿದೆ. ಎಲ್ಲರನ್ನೂ ನಡುಗಿಸುವ ಮೇಡಂ ಕೆಂಪಗಾದರು. "ಅದಕ್ಕೆ ಫಾರ್ಮಿನಲ್ಲಿ ಜಾಗ ಇಲ್ಲ ಅಂತ ಹೇಳು" ಅಂದವರೇ ಸರಸರ ಹೊರಟುಹೋದರು.

ಉಪವಾಸ

ಟ್ರಯಲ್ ಮುಗಿಯಲು ಎರಡೇ ದಿನ ಉಳಿದಿತ್ತು. ಬೀದರ್ ಕಡೆಯ ಒಬ್ಬ ಯಜಮಾನರಿಗೆ ಹರ್ನಿಯಾ ಆಪರೇಷನ್. ಜೊತೆಗೆ ಅವರ ಹೆಂಡತಿ, ಇಬ್ಬರು ತಮ್ಮಂದಿರು, ಇಬ್ಬರು ಸೊಸೆಯಂದಿರು. ಹಿಂದಿನ ಸಂಜೆಯೇ ನಾನು ಅವರೆಲ್ಲರ ನಡುವೆ ನಿಂತು ಬೆರಳೆತ್ತಿ ಹೇಳಿದ್ದೆ: "ನಾಳಿ ಆಪರೇಷನ್ ಆಗೂತನಕ ಊಟ ಇಲ್ಲ, ನೀರೂ ಇಲ್ಲ. ಒಂದ ಹನಿ ಬಾಯಿಗೆ ಬಿದ್ರೂ ಜೀವಕ್ಕ ಅಪಾಯ!" ಎಲ್ಲರೂ ಭಕ್ತಿಯಿಂದ ತಲೆಯಾಡಿಸಿದ್ದರು.

ಬೆಳಿಗ್ಗೆ ಆಗಬೇಕಿದ್ದ ಆಪರೇಷನ್ ಮಧ್ಯಾಹ್ನಕ್ಕೆ ಹೋಯಿತು. ಮೇ ತಿಂಗಳ ಬಿಸಿಲು. ಯಜಮಾನರನ್ನು ಥಿಯೇಟರಿಗೆ ಕರೆದೊಯ್ದ ಸ್ವಲ್ಪ ಹೊತ್ತಿಗೆ ಹೊರಗೆ ಕೂತಿದ್ದ ಕಿರಿಯ ತಮ್ಮ ಗೋಡೆಗುಂಟ ಜಾರಿ ನೆಲಕ್ಕೆ ಬಂದ. ಅವನನ್ನು ಎತ್ತಲು ಹೋದ ಅಣ್ಣನೂ ಅಲ್ಲೇ ಕೂತ. ಸೊಸೆಯಂದಿರು ಒಬ್ಬರ ಮೇಲೊಬ್ಬರು ಒರಗಿದರು. ನಾನು ಓಡಿಬಂದೆ.

"ಏನಾತ್ರಿ ಅಮ್ಮಾ?"

ಯಜಮಾನತಿ ಒಣಗಿದ ನಾಲಿಗೆಯಲ್ಲಿ ಹೇಳಿದರು: "ನೀನ ಹೇಳಿದ್ದಿಯಲ್ಲವಾ, ನೀರೂ ಮುಟ್ಟಬಾರದಂತ."

"ಅಯ್ಯ, ಅದು ಅವರಿಗೆ! ನಿಮಗಲ್ರಿ!"

"ಮನಿ ಹಿರಿಯಾರು ಉಪಾಸ ಇದ್ದಾಗ ನಮ್ಮ ಗಂಟಲಾಗ ಹೆಂಗ ಇಳೀತೈತಿ?" ಅಂದವರೇ ಅವರೂ ವಾಲಿದರು.

ಡ್ಯೂಟಿ ಡಾಕ್ಟರು ಬಂದು ನೋಡಿದರು. ಉಪ್ಪು-ಸಕ್ಕರೆ ನೀರು ಕುಡಿಸಿದರೆ ಹೊಟ್ಟೆಯಲ್ಲಿ ನಿಲ್ಲದೆ ವಾಂತಿಯಾಯಿತು. "ಎಲ್ಲರಿಗೂ ಸಲೈನ್ ಹಾಕಿ" ಅಂದರು. ಸೀನಿಯರ್ ನರ್ಸ್ ದೊಡ್ಡ ಸಿಸ್ಟರ್ ಥಿಯೇಟರಿನಲ್ಲಿದ್ದರು, ವಾರ್ಡಿನಲ್ಲಿ ನಾನೊಬ್ಬಳೇ. ಐದು ಹಾಸಿಗೆ, ಐದು ಬಾಟ್ಲಿ, ನೀರಿಲ್ಲದೆ ಬತ್ತಿಹೋದ ಐದು ಜನರ ನರ.

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. "ಒಬ್ಬರಿಗೆ ಹೇಳಿದ್ದನ್ನ ಮನಿಮಂದಿಯೆಲ್ಲಾ ಮಾಡೂದೇನ್ರಿ? ಎಂಥಾ ಜನಾರಿ ನೀವು!" ಅಂತ ಬೈಯುತ್ತ ಒಬ್ಬರಿಗೆ ಹಾಕಿದೆ, ಬೈಯುತ್ತ ಇನ್ನೊಬ್ಬರಿಗೆ. ಐದನೆಯವರಿಗೆ ಪ್ಲಾಸ್ಟರ್ ಅಂಟಿಸುವಾಗಲೇ ಗೊತ್ತಾಗಿದ್ದು, ಸಿಟ್ಟಿನಲ್ಲಿ ನನ್ನ ಕೈ ನಡುಗುವುದನ್ನು ಮರೆತಿತ್ತು. ಒಂದೂ ತಪ್ಪಿರಲಿಲ್ಲ.

ತಿರುಗಿದರೆ ಬಾಗಿಲಲ್ಲಿ ಮೇಡಂ. ಅವರು ಐದೂ ಕೈಗಳನ್ನು ಬಗ್ಗಿ ನೋಡಿದರು.

"ಎಲ್ಲಾ ಒಂದೇ ಸಲಕ್ಕಾ?"

"ಹೌದು ಮೇಡಂ."

"ನಿನ್ನ ಕೆಲಸ ಪಕ್ಕಾ. ಆದರೆ ಇನ್ನು ಮೇಲೆ ಯಾರು ಉಣ್ಣಬಾರದು ಅನ್ನುವುದರ ಜೊತೆಗೆ ಯಾರು ಉಣ್ಣಬೇಕು ಅನ್ನುವುದನ್ನೂ ಹೇಳು."

ಅಷ್ಟರಲ್ಲಿ ಯಜಮಾನರ ಟ್ರಾಲಿ ಬಂತು. ಸೊಂಟದ ಕೆಳಗಷ್ಟೇ ಮರಗಟ್ಟಿಸಿದ್ದರಿಂದ ಅವರಿಗೆ ಪೂರ್ತಿ ಎಚ್ಚರವಿತ್ತು. ಎಡಕ್ಕೆ ತಿರುಗಿದರು, ಬಾಟ್ಲಿ ಹಚ್ಚಿಸಿಕೊಂಡು ಮಲಗಿದ ಹೆಂಡತಿ, ಸೊಸೆಯಂದಿರು. ಬಲಕ್ಕೆ ತಿರುಗಿದರು, ಇಬ್ಬರೂ ತಮ್ಮಂದಿರು. ಗಾಬರಿಯಿಂದ ನನ್ನನ್ನೇ ಕೇಳಿದರು:

"ಒಬ್ಬಂದು ಕೊಯ್ತೀವಿ ಅಂತ ಹೇಳಿ, ಮನಿಮಂದಿನೆಲ್ಲಾ ಕೊಯ್ದು ಮಲಗಿಸೀರೇನ್ರವಾ!"