ಪಕ್ಕದ ಸೀಟು

ಎಲ್ಲ ಎಡವಟ್ಟಿಗೂ ಮೂಲ ಒಂದು ಮರಳಿನ ಚೀಲ. ಹೋದ ಭಾನುವಾರ ಜೆಟ್ ಮೇಷ್ಟ್ರು ಅದಕ್ಕೆ ಬೆಲ್ಟು ಬಿಗಿಯುತ್ತ, "ಹೆದರ್ಬೇಡ, ನಾನಿದೀನಿ" ಎಂದದ್ದು ವಿಮಾನ ಕ್ಲಬ್ಬಿನ ಮೆಕ್ಯಾನಿಕ್‌ನ ಕಿವಿಗೆ ಬಿತ್ತು. ಸೋಮವಾರದ ಹೊತ್ತಿಗೆ ಇಡೀ ಬೀದಿಯ ಬಾಯಿಗೆ ಬಿತ್ತು.

ಮೇಷ್ಟ್ರು ವಾಯುಪಡೆಯ ತರಬೇತಿ ಜೆಟ್‌ಗಳಲ್ಲಿ ಮೂವತ್ತು ವರ್ಷ ಹಾರಾಟ ಕಲಿಸಿದವರು. ಆ ಜೆಟ್ಟುಗಳಲ್ಲಿ ಶಿಷ್ಯ ಮುಂದೆ, ಗುರು ಹಿಂದೆ. ಹೀಗಾಗಿ ಅವರು ಜೀವಮಾನವಿಡೀ ಕಂಡದ್ದು ಹೆಲ್ಮೆಟ್ಟುಗಳ ಬೆನ್ನು. ನಿವೃತ್ತಿಯಾದ ಮೇಲೆ, ಯಾರಾದರೂ ಪಕ್ಕದಲ್ಲಿ ಕೂತು "ಅಗೋ, ನದಿ!" ಎನ್ನಲಿ ಎಂದು, ಜೋಡಿ ಸೀಟಿನ ಪುಟ್ಟ ವಿಮಾನ ಕೊಂಡರು. ಯಾರೂ ಕೂರಲಿಲ್ಲ. ಒಬ್ಬರೇ ಹಾರಿದರೆ ವಿಮಾನ ವಾಲುತ್ತದೆಂದು ಪಕ್ಕದಲ್ಲಿ ಮರಳಿನ ಚೀಲ ಕೂತಿತು. ಎರಡು ವರ್ಷದಿಂದ ಅದೇ ಕೂತಿದೆ. ನದಿಯ ಬಗ್ಗೆ ಚಕಾರ ಎತ್ತಿಲ್ಲ.

ಈ ಭಾನುವಾರ ಮನುಷ್ಯರನ್ನೇ ಕೂರಿಸುತ್ತೇನೆಂದು ಹಟ ತೊಟ್ಟು ಮೇಷ್ಟ್ರು ಬೀದಿಗಿಳಿದರು.

"ಅಂಗಡಿ ಬಿಟ್ಟು ಬರೋಕಾಗಲ್ಲ ಸಾರ್" ಎಂದ ಔಷಧಿ ಅಂಗಡಿಯವನು, ಮುಚ್ಚಿದ ಅಂಗಡಿಯ ಬಾಗಿಲಿಗೆ ಒರಗಿಕೊಂಡೇ.

"ನಾನೂ ಬರ್ತೀನಿ. ಆದ್ರೆ ನೆಲದ ಮೇಲಿಂದಾನೇ ಧೈರ್ಯ ತುಂಬ್ತೀನಿ" ಎಂದ ಕ್ಷೌರಿಕ ಪೆಟ್ಟಿಗೆ ಸಮೇತ ಹೊರಟ.

ಕೆಳಗಿನ ಮನೆಯ ಟೆಲಿಫೋನಮ್ಮ, ಎಕ್ಸ್‌ಚೇಂಜಿನಲ್ಲಿ ಕೂತು ಊರವರನ್ನೆಲ್ಲ ಜೋಡಿಸಿ ತಾವು ಮಾತ್ರ ಒಂಟಿಯಾಗಿ ಉಳಿದವರು, ಚಪ್ಪಲಿ ಮೆಟ್ಟಿಕೊಂಡೇ ಬಾಗಿಲು ತೆರೆದರು. "ಎರಡು ವರ್ಷದಿಂದ ಕಾಯ್ತಿದೀನಿ ಮೇಷ್ಟ್ರೇ. ಒಂದಿನ ಕರೆದ್ರಾ?"

ಮೇಷ್ಟ್ರಿಗೆ ಮೆಟ್ಟಿಲ ಮೇಲೇ ರೆಕ್ಕೆ ಮೂಡಿತು.

ಕ್ಲಬ್ಬಿನಲ್ಲಿ ಇಬ್ಬರನ್ನೂ ತೂಕದ ಯಂತ್ರ ಹತ್ತಿಸಿದ ಮೆಕ್ಯಾನಿಕ್ ತಲೆಯಾಡಿಸಿದ. "ವಿಮಾನ ಹೊರೋದಕ್ಕಿಂತ ಮೂರು ಕೇಜಿ ಜಾಸ್ತಿ ಸಾರ್."

"ಪೆಟ್ರೋಲ್ ಇಳಿಸಯ್ಯ."

"ಇನ್ನೂ ಇಳಿಸಿದ್ರೆ ಹೋಗ್ತೀರಿ, ಬರಲ್ಲ."

ಬೂಟು ಹೋಯಿತು. ಜಾಕೆಟ್ಟು, ಫ್ಲಾಸ್ಕು, ಬೀಗದ ಕೈ ಗೊಂಚಲು ಹೋದವು. ಟೆಲಿಫೋನಮ್ಮ ಬಳೆ ಕೂಡ ಬಿಚ್ಚಿಟ್ಟರು. ಆದರೂ ಅರ್ಧ ಕೇಜಿ ಉಳಿಯಿತು.

"ಮೀಸೇನೇ ಅಷ್ಟಿದೆ ಸಾರ್" ಎಂದು ಕ್ಷೌರಿಕ ಪೆಟ್ಟಿಗೆ ತೆರೆದ.

ಎಷ್ಟೋ ಶಿಷ್ಯರನ್ನು ನಡುಗಿಸಿದ್ದ ಮೀಸೆ ಐದು ನಿಮಿಷದಲ್ಲಿ ಹುಲ್ಲಿನ ಮೇಲೆ ಬಿತ್ತು. ಯಂತ್ರದ ಮುಳ್ಳು ಅಲ್ಲಾಡಲಿಲ್ಲ. ಅಲ್ಲಾಡಿದ್ದು ನಗು ತಡೆದುಕೊಂಡ ಟೆಲಿಫೋನಮ್ಮನ ಭುಜ ಮಾತ್ರ.

"ಅರ್ಧ ಕೇಜಿ ತಾನೇ, ಬಿಡಯ್ಯ" ಎಂದರು ಮೇಷ್ಟ್ರು, ಹಲ್ಲು ಕಿತ್ತ ಹಾವಿನ ದನಿಯಲ್ಲಿ.

"ಅರ್ಧ ಗ್ರಾಮೂ ಬಿಡಕೂಡದು ಅಂತ ರೂಲ್ಸ್ ಬರೆದವರು ನೀವೇ ಅಲ್ವಾ ಸಾರ್?"

ಮೇಷ್ಟ್ರು ಗೋಡೆಯ ಮೇಲಿದ್ದ ರೂಲ್ಸ್ ಪಟ್ಟಿಯ ಕೆಳಗೆ ತಮ್ಮ ಸಹಿ ನೋಡಿದರು. ಬಳೆಯಿಲ್ಲದ ಕೈ ಹಿಸುಕಿಕೊಳ್ಳುತ್ತ ನಿಂತ ಟೆಲಿಫೋನಮ್ಮನನ್ನು ನೋಡಿದರು. "ನೀವು ಹೋಗ್ಬನ್ನಿ" ಎಂದರು.

ಕ್ಲಬ್ಬಿನ ಹೊಸ ಶಿಕ್ಷಕಿ, ಗಾಳಿಪಟದಷ್ಟು ಹಗುರ ಹುಡುಗಿ, ಟೆಲಿಫೋನಮ್ಮನನ್ನು ಅದೇ ವಿಮಾನದಲ್ಲಿ ಕರೆದೊಯ್ದಳು. ಮೇಷ್ಟ್ರು ಬರಿಗಾಲಲ್ಲಿ ಬೆಂಚಿನ ಮೇಲೆ ಕೂತರು, ಪಕ್ಕದಲ್ಲಿ ಚೀಲ. ವಿಮಾನ ಗುಡ್ಡದ ಮೇಲೆ ತಿರುಗಿದಾಗ ಮೆಲ್ಲಗೆ, "ಈಗ ನದಿ ಕಾಣ್ತಿರುತ್ತೆ" ಎಂದು ಅದಕ್ಕೆ ಹೇಳಿದರು.

ಇಳಿದ ಟೆಲಿಫೋನಮ್ಮ ಹುಡುಗಿಯಂತೆ ಓಡಿಬಂದರು. "ಮೇಷ್ಟ್ರೇ, ಆ ನದಿ! ನಾನು ಹಾರೋದು ಕಲಿಯೋಕೆ ಸೇರ್ಕೊಂಬಿಟ್ಟೆ. ಆಮೇಲೆ ನಾನೇ ಓಡಿಸೋವಾಗ ಪಕ್ಕದ ಸೀಟಿಗೆ ಭಾರ ಬೇಕಂತೆ. ಅದಕ್ಕೇ ನಿಮ್ಮನ್ನ ಕೇಳೋಣ ಅಂತ..."

ಮೇಷ್ಟ್ರ ಎದೆ ನೆಲ ಬಿಟ್ಟು ಎದ್ದಿತು. "ಅದಕ್ಕೇನಂತೆ, ನಾನು..."

"ಅಯ್ಯೋ, ನೀವಲ್ಲ! ನೀವು ಅರ್ಧ ಕೇಜಿ ಜಾಸ್ತಿ ಅಲ್ವಾ. ಆ ಚೀಲ ಕೊಡ್ತೀರಾ?"

ಮೇಷ್ಟ್ರು ಇಲ್ಲದ ಮೀಸೆಯ ಮೇಲೊಮ್ಮೆ ಕೈಯಾಡಿಸಿದರು. ಚೀಲವನ್ನು ನೋಡಿದರು.

"ತಗೊಂಡು ಹೋಗಿ. ಮಾತು ಕಮ್ಮಿ, ಒಳ್ಳೇದು. ಆದ್ರೆ ಬೆಲ್ಟು ಬಿಗಿಯೋವಾಗ ಹೆದರ್ಬೇಡ ಅಂತ ಹೇಳ್ಬೇಕು."