ಮೇ ಮೂರರ ಖಾಲಿ ಚೌಕ

ಹಾಲ್ವರ್ ಲೇಕ್ ಊರಿನ ಜನಕ್ಕೆ ಇತಿಹಾಸ ಬೇಕಾಗಿಲ್ಲ ಎಂಬುದು ಡೆಲ್ಮರ್ ಲುಂಡ್‌ಕ್ವಿಸ್ಟ್‌ನ ಬಹುಕಾಲದ ಕೊರಗು. ಅದಕ್ಕೆ ಅವನ ಬಳಿ ಪುರಾವೆಯೂ ಇತ್ತು. ಪುರಾವೆ ನಾಲ್ಕು ರಟ್ಟಿನ ಪೆಟ್ಟಿಗೆಗಳಲ್ಲಿ ಅವನದೇ ಗ್ಯಾರೇಜಿನಲ್ಲಿ ಕೂತಿತ್ತು.

ಮಿನೆಸೋಟ ರಾಜ್ಯದ ಹಳ್ಳಿದಾರಿಗಳಲ್ಲಿ ಮೂವತ್ತನಾಲ್ಕು ವರ್ಷ ಅಂಚೆ ಹಂಚಿ ನಿವೃತ್ತನಾದ ಡೆಲ್ಮರ್, ಆಮೇಲಿನ ಹನ್ನೊಂದು ವರ್ಷ ಮಾಡಿದ್ದು ಒಂದೇ ಕೆಲಸ. ಕ್ಯಾಲೆಂಡರಿನ ಪ್ರತಿ ದಿನಕ್ಕೂ ಅಮೆರಿಕದ ಚರಿತ್ರೆಯಿಂದ ಒಂದು ಘಟನೆ ಹುಡುಕಿ ಕೂರಿಸುವುದು. ಜನವರಿ 24, ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕ ದಿನ. ಮಾರ್ಚ್ 30, ರಷ್ಯಾದಿಂದ ಅಲಾಸ್ಕ ಕೊಳ್ಳಲು ಸಹಿ ಬಿದ್ದ ದಿನ. ಹೀಗೆ ಅಧಿಕ ದಿನವೂ ಸೇರಿ ಮುನ್ನೂರ ಅರವತ್ತೈದು ಚೌಕಗಳು ತುಂಬಿದ್ದವು. ಮೇ 3 ಒಂದೇ ಖಾಲಿ. ಆ ದಿನಕ್ಕೆ ಸಿಕ್ಕಿದ್ದೆಲ್ಲ ಒಂದೋ ಇಂಗ್ಲೆಂಡಿನಲ್ಲಿ ನಡೆದಿತ್ತು, ಇಲ್ಲವೇ ಡೆಲ್ಮರ್‌ನ ಮಟ್ಟಕ್ಕೆ ಏರುವಂತಿರಲಿಲ್ಲ. ಸುಳ್ಳು ಅಚ್ಚಾಗುವುದಕ್ಕಿಂತ ಚೌಕ ಖಾಲಿ ಇರುವುದೇ ಮೇಲು ಎಂಬುದು ಅವನ ಧರ್ಮ. (ಅವನಿಗಿದ್ದ ಇನ್ನೊಂದು ಧರ್ಮ ಲೂಥರನ್ ಕ್ರೈಸ್ತ. ಅದರ ಬಗ್ಗೆ ಅವನು ಇಷ್ಟು ಕಟ್ಟುನಿಟ್ಟಾಗಿರಲಿಲ್ಲ.)

ಊರಿನ ಇತಿಹಾಸ ಸಂಘ ಹೋದ ವರ್ಷಕ್ಕೆಂದು ಆ ಕ್ಯಾಲೆಂಡರನ್ನು ಇನ್ನೂರು ಪ್ರತಿ ಅಚ್ಚು ಹಾಕಿಸಿತು. ಖರ್ಚಾದದ್ದು ಮೂವತ್ತೆಂಟು. ಅದರಲ್ಲಿ ಹನ್ನೊಂದನ್ನು ಕೊಂಡವಳು ಅವನ ಹೆಂಡತಿ ಲವಾನ್. ಮಿಕ್ಕವು ಗ್ಯಾರೇಜು ಸೇರಿದವು. ಈ ವರ್ಷಕ್ಕೆ ಸಂಘದ ಅಧ್ಯಕ್ಷೆ ಆರ್ಡಿಸ್ ಬೆಕ್ಕಿನ ಮರಿಗಳ ಚಿತ್ರದ ಕ್ಯಾಲೆಂಡರ್ ತಂದಳು. ಒಂದೇ ಭಾನುವಾರದಲ್ಲಿ ಒಂದೂ ಉಳಿಯಲಿಲ್ಲ.

ಡೆಲ್ಮರ್ ಆರ್ಡಿಸ್‌ಳ ಮನೆಗೇ ಹೋಗಿ ವಾದ ಹೂಡಿದ. "ಮುಂದಿನ ವರ್ಷ ದೇಶಕ್ಕೆ ಇನ್ನೂರೈವತ್ತು ತುಂಬುತ್ತೆ ಆರ್ಡಿಸ್. ಅವತ್ತೂ ಗೋಡೆ ಮೇಲೆ ಬೆಕ್ಕಿನ ಮರೀನಾ?"

"ಬೆಕ್ಕಿನ ಮರಿ ನೋಡಿ ಯಾರೂ ನಿದ್ದೆ ಹೋಗಲಿಲ್ಲ ಡೆಲ್ಮರ್," ಎಂದಳು ಆರ್ಡಿಸ್. ಕೊನೆಗೆ ಮನಸ್ಸು ಕರಗಿ, "ಇದೊಂದು ಸಲ. ಇದೂ ಉಳಿದುಬಿಟ್ಟರೆ ನನ್ನ ಹತ್ರ ಮತ್ತೆ ಇತಿಹಾಸದ ಮಾತೆತ್ತಬಾರದು," ಎಂದಳು.

ಹನ್ನೊಂದು ವರ್ಷದ ತಪಸ್ಸು ಈಗ ಒಂದು ಭಾನುವಾರದ ಮೇಲೆ ನಿಂತಿತು. ಡೆಲ್ಮರ್ ಹಳೆಯ ಕ್ಯಾಲೆಂಡರಿನ ಒಂದು ಪ್ರತಿ ಎದುರಿಗಿಟ್ಟುಕೊಂಡು, ಚೌಕ ಚೌಕದಲ್ಲೂ ಕೆಂಪು ಇಂಕಿನಲ್ಲಿ ತಿದ್ದುತ್ತ ಬೇಸಿಗೆಯನ್ನೆಲ್ಲ ಕಳೆದ.

ಅದೇ ಕ್ಯಾಲೆಂಡರಿನ ಇನ್ನೊಂದು ಪ್ರತಿ ಹೋದ ವರ್ಷವೆಲ್ಲ ಲವಾನ್‌ಳ ಅಡುಗೆಮನೆಯ ಗೋಡೆಯ ಮೇಲಿತ್ತು. ಅವಳ ಅಜ್ಜಿ, ತಾಯಿ ಎಲ್ಲರೂ ಮಾಡಿಕೊಂಡು ಬಂದಂತೆ, ಅವಳು ಪ್ರತಿ ರಾತ್ರಿ ಪಾತ್ರೆ ತೊಳೆದ ಮೇಲೆ ಆ ದಿನದ ಚೌಕದಲ್ಲಿ ಒಂದೆರಡು ಸಾಲು ಬರೆಯುತ್ತಿದ್ದಳು. ಎಷ್ಟು ಇಂಚು ಮಳೆ, ಮೊದಲ ಇಬ್ಬನಿ ಯಾವಾಗ ಹೆಪ್ಪುಗಟ್ಟಿತು, ಯಾರು ಬಂದರು, ಏನು ಮುರಿಯಿತು. ವರ್ಷ ಮುಗಿದ ಮೇಲೆ ಕ್ಯಾಲೆಂಡರ್ ಖಾನೆಗೆ. ನಲವತ್ತೊಂಬತ್ತು ವರ್ಷದ ಸಂಸಾರ ಆ ಖಾನೆಯಲ್ಲಿ ಮಡಚಿ ಮಲಗಿತ್ತು.

ಮುರಿದದ್ದರ ಪಟ್ಟಿಯಲ್ಲಿ ಚಿರಸ್ಥಾಯಿಯಾದದ್ದು ಹಿಂಬದಿಯ ಜಾಲರಿ ಬಾಗಿಲು. ಮೇಲಿನ ಕೀಲು ಕಳಚಿ ಒಂಬತ್ತು ವರ್ಷವಾಗಿತ್ತು. ಮಿನೆಸೋಟದ ಸೊಳ್ಳೆಗಳಿಗೆ ಲುಂಡ್‌ಕ್ವಿಸ್ಟ್ ಮನೆಯೆಂದರೆ ತವರು.

"ಡೆಲ್ಮರ್, ಬಾಗಿಲು."

"ಈಗ ನಾನು ಯಾರ್ಕ್‌ಟೌನಿನಲ್ಲಿದೀನಿ ಲವಾನ್. ಇಂಗ್ಲಿಷರು ಇನ್ನೇನು ಶರಣಾಗಬೇಕು."

"ಅವರು ಶರಣಾಗಿ ಇನ್ನೂರು ಚಿಲ್ಲರೆ ವರ್ಷ ಆಯ್ತು. ಅವರು ಕಾಯ್ತಾರೆ. ಸೊಳ್ಳೆ ಕಾಯಲ್ಲ."

"ನಾಳೆ ಮಾಡ್ತೀನಿ."

ಸೆಪ್ಟೆಂಬರಿನ ಕೊನೆಯ ವಾರ ಚಳಿ ಕಚ್ಚತೊಡಗಿತು. ಟೊಮೆಟೊ ಕಾಯಿಗಳನ್ನು ಈಗಲೇ ಕಿತ್ತು ಒಳಗೆ ತರಬೇಕೋ, ಇನ್ನೊಂದು ವಾರ ಬಿಡಬಹುದೋ ಎಂದು ತಿಳಿಯಲು ಲವಾನ್ ಖಾನೆಯಿಂದ ಹೋದ ವರ್ಷದ ಕ್ಯಾಲೆಂಡರ್ ತೆಗೆದು ಮೇಜಿನ ಮೇಲಿಟ್ಟಳು. ನೋಡಿದಳು, ಬುಟ್ಟಿ ಹಿಡಿದು ತೋಟಕ್ಕೆ ಓಡಿದಳು. ಪಕ್ಕದಲ್ಲೇ ಡೆಲ್ಮರ್ ತಿದ್ದಿದ ಪ್ರತಿಯೂ ಇತ್ತು. ಎರಡರ ಮುಖಪುಟದಲ್ಲೂ ಒಂದೇ ಧ್ವಜ. ಡೆಲ್ಮರ್ ಬಂದ, ಒಂದನ್ನು ಲಕೋಟೆಗೆ ತುರುಕಿದ, ಪಕ್ಕದ ಊರಿನ ಅಚ್ಚುಕೂಟಕ್ಕೆ ಕಾರು ಬಿಟ್ಟ.

ಅಚ್ಚುಕೂಟದ ಕೊರಿನ್ ಲಕೋಟೆ ಇಸಿದುಕೊಳ್ಳುತ್ತ, "ಕೈಬರಹವನ್ನೆಲ್ಲ ಹಾಗೇ ಸೇರಿಸಬೇಕಾ?" ಎಂದು ಕೇಳಿದಳು.

"ಅಕ್ಷರಶಃ! ವಿಚಿತ್ರ ಅನ್ನಿಸಿದರೂ ಬಿಡಬೇಡಮ್ಮ. ಇತಿಹಾಸ ಇರೋದೇ ವಿಚಿತ್ರವಾಗಿ."

"ಪ್ರೂಫ್ ಯಾವಾಗ ನೋಡ್ತೀರಿ?"

"ಪ್ರೂಫು?" ಡೆಲ್ಮರ್ ಎದೆ ಸೆಟೆಸಿದ. "ಮೂವತ್ತನಾಲ್ಕು ವರ್ಷ ಅಂಚೆ ಹಂಚಿದೀನಿ. ಒಂದು ಕಾಗದ ತಪ್ಪು ಮನೆಗೆ ಹೋಗಿಲ್ಲ. ನೇರ ಅಚ್ಚು ಹಾಕಿ."

ನವೆಂಬರಿನ ಮೊದಲ ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ನೆಲಮಾಳಿಗೆಯಲ್ಲಿ ಮಾರಾಟ. ಒಂದು ಕಡೆ ಕಾಫಿ, ಒಂದು ಕಡೆ ಆರ್ಡಿಸ್‌ಳ ನಿಂಬೆ ಕೇಕು, ನಡುವೆ ಕ್ಯಾಲೆಂಡರಿನ ರಾಶಿ. ಕಟ್ಟು ಬಿಚ್ಚಿದ್ದು ಆಗಷ್ಟೇ. ಡೆಲ್ಮರ್ ಕೋಟು ತೊಟ್ಟು, ಕೈ ಹಿಂದೆ ಕಟ್ಟಿ, ಮದುವೆಮನೆಯ ಬಾಗಿಲಲ್ಲಿ ನಿಂತ ಹೆಣ್ಣಿನ ತಂದೆಯ ಹಾಗೆ ನಿಂತ.

ಮೊದಲು ಬಂದವನು ನೆರೆಯ ರೈತ ಎಲ್ಡನ್. ಮರ್ಯಾದೆಗೆಂದು ಒಂದು ಪ್ರತಿ ತೆಗೆದುಕೊಂಡ, ಮರ್ಯಾದೆಗೆಂದು ತೆರೆದ. ಆಮೇಲೆ ಅವನು ಅಲ್ಲಿಂದ ಕದಲಲಿಲ್ಲ. ಜನವರಿ ಓದಿದ, ಫೆಬ್ರವರಿ ಓದಿದ, ಹೆಂಡತಿಯನ್ನು ಕರೆದ. ಅವಳು ತಂಗಿಯನ್ನು ಕರೆದಳು. ಹತ್ತು ನಿಮಿಷದಲ್ಲಿ ಇಡೀ ನೆಲಮಾಳಿಗೆ ತಲೆಗೆ ತಲೆ ಸೇರಿಸಿ ಓದುತ್ತಿತ್ತು. ಕಾಫಿ ಆರುತ್ತಿತ್ತು. ಡೆಲ್ಮರ್‌ನ ಕಣ್ಣು ಮಂಜಾಯಿತು. ಈ ದೃಶ್ಯವನ್ನು ಅವನು ಹನ್ನೊಂದು ವರ್ಷ ಕನಸು ಕಂಡಿದ್ದ.

ಕನಸಿನಲ್ಲಿ ಯಾರೂ ನಕ್ಕಿರಲಿಲ್ಲ, ಅಷ್ಟೇ ವ್ಯತ್ಯಾಸ.

"ಡೆಲ್ಮರ್, ಏಪ್ರಿಲ್ ಒಂಬತ್ತು ಓದಿ ಹೊಟ್ಟೆ ಹುಣ್ಣಾಯ್ತು ಮಾರಾಯ!" ಎಂದು ಎಲ್ಡನ್ ಕಣ್ಣೊರೆಸಿಕೊಂಡ.

ಏಪ್ರಿಲ್ ಒಂಬತ್ತು ಅಂತರ್ಯುದ್ಧದಲ್ಲಿ ಜನರಲ್ ಲೀ ಶರಣಾದ ದಿನ. ಅದರಲ್ಲಿ ನಗುವಂಥದ್ದೇನಿದೆ? ಡೆಲ್ಮರ್ ಒಂದು ಪ್ರತಿ ತೆರೆದ.

*ಏಪ್ರಿಲ್ 9. ಜನರಲ್ ಲೀ ಶರಣಾಗತಿ, 1865. ಮಳೆ ಮುಕ್ಕಾಲು ಇಂಚು. ಡೆಲ್ಮರ್ ಜಾಲರಿ ಬಾಗಿಲು ನಾಳೆ ಸರಿ ಮಾಡ್ತೀನಿ ಅಂದ.*

*ಏಪ್ರಿಲ್ 10. ಮಾಡಲಿಲ್ಲ.*

ಏಪ್ರಿಲ್ 10ರ ಘಟನೆಯೂ ಮೇಲೆ ಅಚ್ಚಾಗಿತ್ತು. ಆದರೆ ಡೆಲ್ಮರ್‌ನ ಕಣ್ಣಿಗೆ ಅದು ಕಾಣಲಿಲ್ಲ. ಅವನು ಹಾಳೆ ಮಗುಚಿದ.

*ಮೇ 10. ಪೂರ್ವ ಪಶ್ಚಿಮದ ರೈಲುಹಳಿಗಳು ಕೂಡಿದವು, 1869. ಬಾಗಿಲೂ ಚೌಕಟ್ಟೂ ಇನ್ನೂ ಕೂಡಿಲ್ಲ.*

*ಜುಲೈ 4. ಸ್ವಾತಂತ್ರ್ಯ ಘೋಷಣೆ, 1776. ಆಲೂಗಡ್ಡೆ ಸಲಾಡ್ ಎರಡು ಪಾತ್ರೆ. ಡೆಲ್ಮರ್ ಭಾಷಣ ನಲವತ್ತು ನಿಮಿಷ. ಐಸ್‌ಕ್ರೀಮ್ ಕರಗಿತು.*

*ಜುಲೈ 20. ಚಂದ್ರನ ಮೇಲೆ ಮನುಷ್ಯ, 1969. ಡೆಲ್ಮರ್ ಏಣಿಯ ಮೂರನೇ ಮೆಟ್ಟಿಲು ಹತ್ತಿ, ತಲೆ ತಿರುಗುತ್ತೆ ಅಂತ ಇಳಿದ.*

*ಡಿಸೆಂಬರ್ 17. ರೈಟ್ ಸಹೋದರರ ವಿಮಾನ ಹನ್ನೆರಡು ಸೆಕೆಂಡು ಹಾರಿತು, 1903. ಡೆಲ್ಮರ್ ಅಂಗಳದ ಮಂಜಿನಲ್ಲಿ ಜಾರಿದ. ಅಷ್ಟು ಹೊತ್ತು ಆಗಲಿಲ್ಲ.*

ಅಷ್ಟರಲ್ಲಿ ಲವಾನ್‌ಳೂ ಒಂದು ಪ್ರತಿ ನೋಡಿ ಬಿಳಿಚಿಕೊಂಡಿದ್ದಳು. ಗಂಡನ ತೋಳು ಹಿಡಿದು ಕೋಟು ತೂಗುಹಾಕಿದ ಸ್ಟ್ಯಾಂಡಿನ ಹಿಂದಕ್ಕೆ ಎಳೆದಳು.

"ಏನು ಮಾಡಿಟ್ಟಿದೀಯ ಡೆಲ್ಮರ್! ಇದು ನನ್ನ ಅಡುಗೆಮನೆ! ಊರಿಗೆಲ್ಲ ಹಂಚಿಬಿಟ್ಟೆಯಲ್ಲ!"

"ನಾನಾ? ನಿನ್ನದನ್ನ ನನ್ನದರ ಪಕ್ಕ ಇಟ್ಟವರು ಯಾರು?"

"ಎತ್ತಿಕೊಂಡು ಹೋದವರು ಯಾರು? ಒಂದು ಕಾಗದ ತಪ್ಪು ಮನೆಗೆ ಹೋಗಿಲ್ಲವಂತೆ! ಈಗ ನನ್ನ ಮನೆಯೇ ಇನ್ನೂರು ಮನೆಗೆ ಹೋಯ್ತು." ಆಮೇಲೆ ಅವಳ ದನಿ ಇಳಿಯಿತು. "ಜೂನ್ ಹದಿನಾಲ್ಕು ನೋಡಿದೆಯಾ?"

ಡೆಲ್ಮರ್ ನೋಡಿದ. *ಜೂನ್ 14. ಧ್ವಜ ದಿನ, 1777. ಆರ್ಡಿಸ್ ನಿಂಬೆ ಕೇಕು ಕಳಿಸಿದ್ದಳು. ನಾಯಿಗೆ ಹಾಕಿದೆ. ನಾಯಿ ಹೋಗಿ ಹೂತಿಟ್ಟು ಬಂತು.*

ಇಬ್ಬರೂ ಕೋಟುಗಳ ಸಂದಿಯಿಂದ ಇಣುಕಿದರು. ಆರ್ಡಿಸ್ ಕೇಕಿನ ತಟ್ಟೆಯ ಹಿಂದೆ ಕನ್ನಡಕ ಏರಿಸಿಕೊಂಡು ಓದುತ್ತಿದ್ದಳು. ಜೂನ್ ಹಾಳೆ. ಸುತ್ತಲಿನ ನಗು ಒಂದೊಂದಾಗಿ ನಿಂತಿತು. ಆರ್ಡಿಸ್ ಓದಿದ್ದನ್ನೇ ಇನ್ನೊಮ್ಮೆ ಓದಿದಳು.

"ಲವಾನ್," ಎಂದು ಕೂಗಿದಳು.

ಲವಾನ್ ಯಾರದೋ ಕೋಟಿನ ಹಿಂದಿನಿಂದ ಹೊರಗೆ ಬಂದಳು.

"ಆವತ್ತು ಸಕ್ಕರೆ ಅಂತ ಉಪ್ಪು ಹಾಕಿದ್ದೆ. ನನಗೆ ಗೊತ್ತಾಗಿದ್ದು ಮಾರನೇ ದಿನ. ನೀನು ಮಾತ್ರ ತುಂಬ ಚೆನ್ನಾಗಿತ್ತು ಅಂತ ಚೀಟಿ ಬರೆದು ಕಳಿಸಿದ್ದೆ!" ಆರ್ಡಿಸ್ ಮೇಜು ಹಿಡಿದುಕೊಂಡು ನಗತೊಡಗಿದಳು. "ನಾಯಿಯೊಂದೇ ನಿಜ ಹೇಳಿದ್ದು ಅಂತ ಆಯ್ತು!"

ಮಧ್ಯಾಹ್ನದೊಳಗೆ ರಾಶಿ ಖಾಲಿ. ಇನ್ನೂರು ಪ್ರತಿಯೂ ಸಾಲದೆ, ಕೇಳಿದವರ ಹೆಸರನ್ನು ಆರ್ಡಿಸ್ ಕಾಗದದ ಕರವಸ್ತ್ರದ ಮೇಲೆ ಬರೆದುಕೊಂಡಳು. ಇತಿಹಾಸ ಗೆದ್ದಿತ್ತು. ಯಾರ ಇತಿಹಾಸ ಎಂದು ಡೆಲ್ಮರ್ ಕೇಳಲು ಹೋಗಲಿಲ್ಲ.

ಮನೆಯಲ್ಲಿ ಅವನು ತನ್ನ ಕೆಂಪು ಇಂಕಿನ ಪ್ರತಿಯನ್ನು ಹುಡುಕಿದ. ಅದು ನೆಲಮಾಳಿಗೆಯಲ್ಲಿ ಸಿಕ್ಕಿತು, ತುಂಡು ತುಂಡಾಗಿ. ಹಸಿರು ಟೊಮೆಟೊಗಳನ್ನು ಹಣ್ಣಿಗಿಡುವಾಗ ಪತ್ರಿಕೆ ಸಾಲದೆ, ಕೆಲಸ ಮುಗಿದ ರದ್ದಿಯೆಂದು ಲವಾನ್ ಅದನ್ನೂ ಹರಿದು ಸುತ್ತಿದ್ದಳು. ಅಂತರ್ಯುದ್ಧದಲ್ಲಿ ಸುತ್ತಿದ ಮೂರು ಟೊಮೆಟೊ ಚೆನ್ನಾಗಿ ಕೆಂಪಾಗಿದ್ದವು.

ಡೆಲ್ಮರ್ ಅಲ್ಲೇ ಮೆಟ್ಟಿಲ ಮೇಲೆ ಕೂತು ಹೊಸ ಕ್ಯಾಲೆಂಡರನ್ನು ಮೊದಲಿನಿಂದ ಓದಿದ. ತಪ್ಪು ಹುಡುಕುವುದಕ್ಕೆಂದೇ ಕೂತಿದ್ದ. ನವೆಂಬರಿಗೆ ಬಂದಾಗ ನಿಂತ.

*ನವೆಂಬರ್ 19. ಗೆಟಿಸ್‌ಬರ್ಗಿನಲ್ಲಿ ಲಿಂಕನ್ ಎರಡು ನಿಮಿಷದ ಭಾಷಣ, 1863. ನನ್ನ ಕಣ್ಣಿನ ಆಪರೇಷನ್. ಡೆಲ್ಮರ್ ಇಡೀ ದಿನ ಕೈ ಹಿಡಿದು ಕೂತಿದ್ದ. ಒಂದೂ ಭಾಷಣ ಮಾಡಲಿಲ್ಲ.*

ಅವನು ಅದನ್ನು ಬಹಳ ಹೊತ್ತು ನೋಡಿದ. ತಪ್ಪೇನೂ ಕಾಣಲಿಲ್ಲ.

ಮರುವಾರ ಎರಡನೇ ಮುದ್ರಣಕ್ಕೆ ಪ್ರೂಫ್ ಮನೆಗೇ ಬಂತು. (ಕೊರಿನ್ ಈ ಸಲ ಕೇಳುವ ಗೋಜಿಗೇ ಹೋಗಿರಲಿಲ್ಲ.) ಹೋದ ವರ್ಷ ಮೇ ಮೂರರ ರಾತ್ರಿ ಲವಾನ್ ಕೂಡ ಏನೂ ಬರೆಯದೆ ಮಲಗಿದ್ದಳು. ಚೌಕ ಖಾಲಿಯಿದ್ದರೆ ಮುದ್ರಣದೋಷದಂತೆ ಕಾಣುತ್ತದೆ, ಮೇ ಮೂರನ್ನು ಹೇಗಾದರೂ ತುಂಬಿಸು ಎಂದು ಆರ್ಡಿಸ್ ಹೇಳಿದ್ದು ಡೆಲ್ಮರ್‌ಗಲ್ಲ, ಲವಾನ್‌ಗೆ. ಡೆಲ್ಮರ್‌ಗೆ ಉಳಿದದ್ದು ಕರಡು ತಿದ್ದಿ ಸಹಿ ಹಾಕುವ ಕೆಲಸ. ಅವನು ಭೂತಕನ್ನಡಿ ಹಿಡಿದು ಮೇ ತಿಂಗಳಿಗೆ ಬಂದ.

*ಮೇ 3. ಈ ದಿನ ಡೆಲ್ಮರ್ ಜಾಲರಿ ಬಾಗಿಲು ಸರಿ ಮಾಡಿದ.*

"ಲವಾನ್! ಇದು ಸುಳ್ಳು!"

"ಯಾವುದು?" ಲವಾನ್ ಒಲೆಯ ಕಡೆಯಿಂದ ತಿರುಗಲೇ ಇಲ್ಲ.

"ಇದು ನಡೆದೇ ಇಲ್ಲ!"

"ಮೇ ಮೂರು ಇನ್ನೂ ಬಂದಿಲ್ಲವಲ್ಲ."

"ಇತಿಹಾಸ ಅಂದರೆ ನಡೆದದ್ದು ಕಣೇ. ನಡೆದ ಮೇಲೆ ಬರೆಯೋದು!"

"ಒಂಬತ್ತು ವರ್ಷ ನಡೆದ ಮೇಲೆ ಬರೆಯೋಣ ಅಂತಲೇ ಕಾದೆ. ಈಗ ಬರೆದುಬಿಟ್ಟಿದೀನಿ. ನಡೆಸೋಕೆ ನಿನಗೆ ಆರು ತಿಂಗಳಿದೆ."

"ಆಗದಿದ್ದರೆ?"

"ಆಗದಿದ್ದರೆ ನಿನ್ನ ಕ್ಯಾಲೆಂಡರಿನಲ್ಲಿ ಒಂದು ಸುಳ್ಳು ಅಚ್ಚಾಗಿರುತ್ತೆ. ನನಗೇನು, ನನಗೆ ಸೊಳ್ಳೆ ಅಭ್ಯಾಸ ಆಗಿದೆ."

ಡೆಲ್ಮರ್ ಪೆನ್ನು ಎತ್ತಿದ, ಇಳಿಸಿದ, ಎತ್ತಿದ. ಹೊಡೆದುಹಾಕಿದರೆ ಚೌಕ ಮತ್ತೆ ಖಾಲಿ. ಖಾಲಿ ಬಿಟ್ಟರೆ ಆರ್ಡಿಸ್ ಬಿಡುವುದಿಲ್ಲ. ಕೊನೆಗೆ ಸಹಿ ಹಾಕಿದ.

ಮೇ 3 ಭಾನುವಾರ ಬಂತು. ಡೆಲ್ಮರ್ ಬೆಳಗಿನ ಜಾವವೇ ಎದ್ದು ಯಾರೂ ನೋಡದ ಹಾಗೆ ಮುಗಿಸಬೇಕೆಂದು ಹಿತ್ತಿಲಿಗೆ ಹೋದರೆ, ಎಲ್ಡನ್ ಆಗಲೇ ಹುಲ್ಲಿನ ಮೇಲೆ ಮಡಿಸುವ ಕುರ್ಚಿ ಹಾಕಿ ಕೂತಿದ್ದ. "ಒಳ್ಳೇ ಜಾಗ ಹೋಗಿಬಿಡುತ್ತೆ ಅಂತ ಬೇಗ ಬಂದೆ," ಎಂದ. ಡೆಲ್ಮರ್ ಸ್ಕ್ರೂಡ್ರೈವರ್ ಜೇಬಿಗಿಟ್ಟುಕೊಂಡು ಚರ್ಚಿಗೆ ಹೋದ. ಪ್ರಾರ್ಥನೆ ಮುಗಿಸಿ ಬರುವ ಹೊತ್ತಿಗೆ ಹಿತ್ತಿಲಿನಲ್ಲಿ ನಲವತ್ತು ಕುರ್ಚಿಗಳಾಗಿದ್ದವು. ಆರ್ಡಿಸ್ ನಿಂಬೆ ಕೇಕು ತಂದಿದ್ದಳು. ಎಲ್ಲರೂ ತಿನ್ನುವ ಮುಂಚೆ ನಾಯಿಯ ಮುಖ ನೋಡಿದರು.

ಡೆಲ್ಮರ್ ಗಂಟಲು ಸರಿಪಡಿಸಿಕೊಂಡ. ಭಾಷಣ ಬಾಯಿಗೆ ಬಂದಿತ್ತು. ಲವಾನ್ ಅವನನ್ನು ನೋಡಿದಳು. ಅವನು ಭಾಷಣ ನುಂಗಿಕೊಂಡು ಕೆಲಸಕ್ಕೆ ಇಳಿದ.

ನಾಲ್ಕು ಸ್ಕ್ರೂ. ಹನ್ನೊಂದು ನಿಮಿಷ. ಒಂಬತ್ತು ವರ್ಷದ ಬಾಗಿಲು ಚೌಕಟ್ಟಿನಲ್ಲಿ ಟಪ್ಪೆಂದು ಕೂತಿತು. ನಲವತ್ತು ಮಂದಿ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಡೆಲ್ಮರ್ ತಲೆಬಾಗಿಸಿ ವಂದಿಸಿ, ವಿಜಯಿಯಂತೆ ಹಿಡಿಕೆ ಎಳೆದ. ಇನ್ನೊಮ್ಮೆ ಎಳೆದ. ಆಮೇಲೆ ಎಲ್ಡನ್ ಬಂದು ಎಳೆದ. ಆಮೇಲೆ ಇಬ್ಬರೂ ಸೇರಿ ಎಳೆದರು.

ಜನ ಕಾಫಿಗೆ ಸುತ್ತು ಹಾಕಿ ಮುಂಬಾಗಿಲಿನಿಂದ ಒಳಗೆ ಬಂದರು. ರಾತ್ರಿ ಪಾತ್ರೆ ತೊಳೆದ ಮೇಲೆ ಲವಾನ್ ಎಂದಿನಂತೆ ಗೋಡೆಯ ಬಳಿ ಹೋದಳು. ಮೇ 3ರ ಅಚ್ಚಾದ ಸಾಲನ್ನು ಒಮ್ಮೆ ಓದಿ, ಅದರ ಕೆಳಗೆ ಬರೆದಳು.

*ನಿಜ. ಮಳೆ ಇಲ್ಲ. ಸೊಳ್ಳೆ ಒಂದೂ ಒಳಗೆ ಬರಲಿಲ್ಲ. ಬಾಗಿಲು ಈಗ ತೆರೆಯೋದಿಲ್ಲ. ಡೆಲ್ಮರ್ ನಾಳೆ ನೋಡ್ತೀನಿ ಅಂದ.*